ಹತ್ತು ಆಂಪಿಯರಿನ ಮರ್ಯಾದೆ

ಹಳೆಯ ಮೋಟಾರು ಕಾರೊಂದನ್ನು ಕೊಳ್ಳಲು ಹೊರಟವರು ಮೊದಲು ಅದರ ಬಣ್ಣವನ್ನು ನೋಡುವರು. ಬಳಿಕ ಟೈರುಗಳ ಸವೆತವನ್ನು, ಎಂಜಿನ್ನಿನ ಸದ್ದನ್ನು, ಅಡಿಯಲ್ಲಿ ಎಣ್ಣೆ ಸೋರಿದ ಕುರುಹನ್ನು ಪರೀಕ್ಷಿಸುವರು. ಇನ್ನೂ ಸ್ವಲ್ಪ ವಿವೇಕಿಗಳಾದವರು ಸರ್ವಿಸ್ ಪುಸ್ತಕವನ್ನು ಕೇಳಿ ಪಡೆದು, ಅದರಲ್ಲಿ ಗ್ಯಾರೇಜಿನ ಮುದ್ರೆಗಳು ಕ್ರಮವಾಗಿ ಬಿದ್ದಿವೆಯೆ ಎಂದು ಪುಟಗಳನ್ನು ತಿರುವಿಹಾಕುವರು. ಆದರೆ ಚಾಲಕನ ಮೊಣಕಾಲಿನ ಸಮೀಪದಲ್ಲಿ, ಡ್ಯಾಶ್‌ಬೋರ್ಡಿನ ಕೆಳಗೆ, ಬಗ್ಗಿ ನೋಡಿದಲ್ಲದೆ ಕಾಣದಂತಹ ಮೂಲೆಯಲ್ಲಿ ಒಂದು ಪುಟ್ಟ ಪೆಟ್ಟಿಗೆ ಇರುವುದೆಂಬುದನ್ನೂ, ಕಾರಿನ ದೀಪ, ವೈಪರು, ಹಾರನ್ನುಗಳೆಲ್ಲ ಆ ಪೆಟ್ಟಿಗೆಯ ಅನುಮತಿಯಿಂದಲೇ ನಡೆಯುವುವೆಂಬುದನ್ನೂ ನೆನೆದು, ಅದರ ಮುಚ್ಚಳವನ್ನು ತೆರೆದು ನೋಡುವವರು ಅಪರೂಪ. ಆ ಪೆಟ್ಟಿಗೆಯಲ್ಲಿರುವ ಫ್ಯೂಸುಗಳನ್ನೂ ಅವುಗಳ ದಾಯಾದಿಗಳಾದ ಸರ್ಕಿಟ್ ಬ್ರೇಕರುಗಳನ್ನೂ ಗುರುತಿಸಬಲ್ಲ ವಿದ್ಯೆ ಅಲ್ಪವೆಂದು ತೋರಬಹುದು. ನನಗಾದರೋ ಅದು ಹಳೆಯ ಯಂತ್ರವೊಂದರ ಮನಸ್ಸನ್ನು ತಿಳಿಯುವುದಕ್ಕೆ ಇರುವ ಅತ್ಯಂತ ನೇರವಾದ ಮಾರ್ಗವೆಂದು ಅನೇಕ ವರ್ಷಗಳ ಪರಿಚಯದಿಂದ ಮನವರಿಕೆಯಾಗಿದೆ.

ಸಿಡ್ನಿ ಮೆಲ್ಬರ್ನ್ ನಗರಗಳಲ್ಲಿ ನೆಲೆಸಿದ ನಮ್ಮವರಿಗೆ ಈ ವಿದ್ಯೆಯ ಅವಶ್ಯಕತೆ ಒಂದು ತೂಕ ಹೆಚ್ಚೆಂದೇ ಹೇಳಬೇಕು. ಓದಲೆಂದೋ ಉದ್ಯೋಗಕ್ಕೆಂದೋ ಬಂದ ಕನ್ನಡಿಗ ತರುಣನು ಇಲ್ಲಿ ಕೊಳ್ಳುವ ಮೊದಲನೆಯ ಕಾರು ಸಾಮಾನ್ಯವಾಗಿ ಹಳೆಯದು. ವೆಸ್ಟ್‌ಮೀಡಿನಲ್ಲಿಯೋ ಟೂಂಗಾಬಿಯಲ್ಲಿಯೋ, ಕ್ಲೇಟನ್ನಿನಲ್ಲಿಯೋ ಟಾರ್ನೀಟಿನಲ್ಲಿಯೋ ಒಬ್ಬ ಪರಿಚಿತನಿಂದ ಮತ್ತೊಬ್ಬ ಪರಿಚಿತನಿಗೆ ಕೈ ಬದಲಾಯಿಸುತ್ತ ಬಂದದ್ದು. ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಐದು ವರ್ಷ ಮೀರಿದ ಕಾರಿಗೆ ಪ್ರತಿವರ್ಷವೂ ಸುರಕ್ಷತೆಯ ತಪಾಸಣೆಯಾಗಿ, ಜನರು ಪಿಂಕ್ ಸ್ಲಿಪ್ ಎಂದು ಕರೆಯುವ ಪ್ರಮಾಣಪತ್ರ ದೊರೆಯಬೇಕು. ವಿಕ್ಟೋರಿಯದಲ್ಲಿ ವಾರ್ಷಿಕ ತಪಾಸಣೆಯ ನಿಯಮವಿಲ್ಲದಿದ್ದರೂ ಕಾರನ್ನು ಮಾರುವ ಕಾಲಕ್ಕೆ ರೋಡ್‌ವರ್ದಿ ಪತ್ರ ಬೇಕಾಗುವುದು. ಎರಡೆಡೆಗಳಲ್ಲಿಯೂ ಒಂದು ಬ್ರೇಕ್ ದೀಪ ಹತ್ತದಿದ್ದರೆ, ಹಾರನ್ನು ಮೌನವಾಗಿದ್ದರೆ ಪತ್ರ ದೊರೆಯದು. ಇದಲ್ಲದೆ, ಹಳೆಯ ವಾಹನಗಳನ್ನು ಪ್ರೀತಿಯಿಂದ ಪೋಷಿಸುವವರ ಕ್ಲಬ್ಬುಗಳು ಎರಡೂ ರಾಜ್ಯಗಳಲ್ಲಿ ಬಹಳವಾಗಿವೆ; ಕ್ಲಬ್ಬಿನ ಸದಸ್ಯರಾದವರಿಗೆ ವಿಕ್ಟೋರಿಯದಲ್ಲಿ 25 ವರ್ಷ, ನ್ಯೂ ಸೌತ್ ವೇಲ್ಸಿನಲ್ಲಿ 30 ವರ್ಷ ದಾಟಿದ ವಾಹನಗಳನ್ನು ಮಿತವಾಗಿ ಓಡಿಸಲು ಪ್ರತ್ಯೇಕವಾದ ರಿಯಾಯಿತಿಯ ನೋಂದಣಿಯೂ ಉಂಟು. ಆದ್ದರಿಂದ ಇಲ್ಲಿಯ ರಸ್ತೆಗಳಲ್ಲಿ ಮೂರು ತಲೆಮಾರಿನ ಕಾರುಗಳು ಇಂದಿಗೂ ಒಟ್ಟಿಗೆ ಸಂಚರಿಸುತ್ತಿವೆ. ಮೂರು ತಲೆಮಾರಿನ ಫ್ಯೂಸುಗಳೂ ಸಹ.

ಫ್ಯೂಸೆಂಬುದು ತಂತಿಯ ಹಾದಿಯಲ್ಲಿ ಬುದ್ಧಿಪೂರ್ವಕವಾಗಿ ಇರಿಸಿದ ಒಂದು ದುರ್ಬಲ ಸ್ಥಾನ. ವಿದ್ಯುತ್ತು ಹರಿಯುವಾಗ ತಂತಿಯಲ್ಲಿ ಹುಟ್ಟುವ ಶಾಖವು ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಏರುವುದು. ಅಂದರೆ ಪ್ರವಾಹ ಇಮ್ಮಡಿಯಾದರೆ ಶಾಖ ನಾಲ್ಮಡಿಯಾಗುವುದು. ಎಲ್ಲಿಯೋ ತಂತಿಯ ಹೊದಿಕೆ ಸವೆದು ತಾಮ್ರವು ಕಾರಿನ ಲೋಹದ ಮೈಗೆ ತಗುಲಿ ಶಾರ್ಟ್ ಆದಾಗ, ಬ್ಯಾಟರಿಯು ತನ್ನ ಶಕ್ತಿಯನ್ನೆಲ್ಲ ಆ ಒಂದು ಹಾದಿಯಲ್ಲಿ ಸುರಿಯಲು ಸಿದ್ಧವಾಗಿರುವುದು; ಆ ಕ್ಷಣದಲ್ಲಿ ಯಾವುದಾದರೂ ಒಂದು ಕರಗಲೇಬೇಕು. ತಂತಿಯೇ ಕರಗಿದರೆ ಹೊದಿಕೆ ಉರಿದು ಬೆಂಕಿ ಡ್ಯಾಶ್‌ಬೋರ್ಡಿನ ಹಿಂದೆ ಯಾರ ಕಣ್ಣಿಗೂ ಬೀಳದೆ ಹಬ್ಬುವುದು. ಸುಮಾರು 420 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಕರಗುವ ಸತುವಿನ ಪಟ್ಟಿಯೊಂದು ಮುಂದಾಗಿ ಕರಗಿದರೆ ಕಾರೂ ಉಳಿಯುವುದು, ಕಾರಿನಲ್ಲಿರುವವರೂ ಉಳಿಯುವರು. ನಮ್ಮ ಹಿರಿಯರು ಕೆರೆಯನ್ನು ಕಟ್ಟುವಾಗ ಏರಿಯ ಎತ್ತರಕ್ಕಿಂತ ತಗ್ಗಾದ ಕಡೆಯಲ್ಲಿ ಕೋಡಿಯನ್ನು ಬಿಟ್ಟಿದ್ದುದರ ವಿವೇಕವೇ ಇಲ್ಲಿಯೂ ಇರುವುದು. ಇನ್ನಷ್ಟು ನೀರು ನಿಲ್ಲಲೆಂಬ ಆಸೆಯಿಂದ ಕೋಡಿಗೆ ಕಲ್ಲುಮಣ್ಣು ಪೇರಿಸಿ ಎತ್ತರಿಸಿದ ಊರಿನವರಿಗೆ ಮೊದಲ ಮಳೆಗಾಲದಲ್ಲಿ ನೀರು ಹೆಚ್ಚಾಗಿಯೇ ನಿಲ್ಲಬಹುದು. ಆದರೆ ಬಿರುಮಳೆಯ ವರ್ಷದಲ್ಲಿ ಒಡೆಯುವುದು ಕೋಡಿಯಲ್ಲ, ಏರಿ. ಹತ್ತು ಆಂಪಿಯರಿನ ಫ್ಯೂಸು ಇರತಕ್ಕ ಸ್ಥಾನದಲ್ಲಿ ಇಪ್ಪತ್ತರದನ್ನು ಸಿಕ್ಕಿಸುವವನು ಇದನ್ನೇ ಮಾಡುತ್ತಾನೆ: ಹತ್ತು ಆಂಪಿಯರಿಗೆಂದು ಎಳೆದ ತಂತಿಯಲ್ಲಿ ನಾಲ್ಮಡಿ ಶಾಖ ಹುಟ್ಟಿದರೂ ಅಡ್ಡಿಯಿಲ್ಲವೆಂದು ಅವನು ಅಪ್ಪಣೆ ಕೊಟ್ಟಂತಾಯಿತು.

ಈ ಅಳತೆ ಒರಟಾದ ಅಂದಾಜಲ್ಲ. ಈಗಿನ ಹತ್ತು ಆಂಪಿಯರಿನ ಫ್ಯೂಸು ಹನ್ನೊಂದು ಆಂಪಿಯರನ್ನು ನೂರು ಗಂಟೆಗಳ ಕಾಲ ತಾಳಬೇಕು. ಹದಿಮೂರುವರೆ ಹರಿದರೆ ಹತ್ತು ನಿಮಿಷಗಳ ಒಳಗೆ ಕಡಿಯಬೇಕು. ಇಪ್ಪತ್ತು ಹರಿದರೆ ಐದು ಸೆಕೆಂಡುಗಳಿಗಿಂತ ಹೆಚ್ಚು ಕಾಲ ಬದುಕಿರಕೂಡದು. ಕ್ಷಣಿಕವಾದ ನೂಕುಬಲವನ್ನು ಸಹಿಸುವ ತಾಳ್ಮೆಯನ್ನೂ, ನಿಜವಾದ ಅಪಾಯಕ್ಕೆ ತಡಮಾಡದ ಚುರುಕನ್ನೂ ಒಂದು ಬೆರಳ ತುದಿಯಷ್ಟು ವಸ್ತುವಿನಲ್ಲಿ ಕೂಡಿಸಿದವರ ಕೌಶಲಕ್ಕೆ ನಾನು ಮನಸಾರೆ ತಲೆಬಾಗುತ್ತೇನೆ.

ಈ ವಸ್ತುವಿಗೆ ನಾನಾ ರೂಪಗಳುಂಟು; ಈ ಎರಡು ನಗರಗಳ ಕೈಗಾರಿಕೆಯ ಚರಿತ್ರೆಯನ್ನು ಬಲ್ಲವರಿಗೆ ಆ ರೂಪಭೇದಗಳು ತಾವಾಗಿಯೇ ಅರ್ಥವಾಗುವುವು. ಸಿಡ್ನಿಯ ಝೆಟ್‌ಲ್ಯಾಂಡಿನಲ್ಲಿ, ಹಿಂದೆ ಕುದುರೆಯ ಪಂದ್ಯಗಳು ನಡೆಯುತ್ತಿದ್ದ ವಿಕ್ಟೋರಿಯ ಪಾರ್ಕ್ ಎಂಬ ಮೈದಾನದಲ್ಲಿ, 1950ರಿಂದ 1975ರ ವರೆಗೆ ಬ್ರಿಟಿಷ್ ಕುಲದ ಮಾರಿಸ್, ಆಸ್ಟಿನ್, ಮಿನಿ ಕಾರುಗಳು ತಯಾರಾದುವು. ಅವುಗಳಲ್ಲಿದ್ದುದು ಲೂಕಾಸ್ ಕಂಪೆನಿಯ ಪದ್ಧತಿ: ಗಾಜಿನ ಕೊಳವೆ, ಎರಡು ತುದಿಗಳಲ್ಲಿ ಮೊನಚಾದ ಲೋಹದ ಟೋಪಿ, ಒಳಗೆ ತಂತಿಯ ಪಕ್ಕದಲ್ಲಿ ಅಳತೆಯನ್ನು ಮುದ್ರಿಸಿದ ಕಾಗದದ ಚೂರು. ಮೆಲ್ಬರ್ನಿನ ಕ್ಲೇಟನ್ನಿನಲ್ಲಿ 1954ರಿಂದ ಜೋಡಣೆಯಾದ ಫೋಕ್ಸ್‌ವ್ಯಾಗನ್ ಬೀಟಲ್ ಕಾರುಗಳಲ್ಲಿದ್ದುದು ಜರ್ಮನ್ ಪದ್ಧತಿಯ ಪಿಂಗಾಣಿಯ ಫ್ಯೂಸು. ಅದರ ಕರಗುವ ಪಟ್ಟಿ ಹೊರಮೈಯಲ್ಲಿಯೇ ತೆರೆದಿರುವುದು, ಬಿಳಿಯದು ಎಂಟು ಆಂಪಿಯರು, ಕೆಂಪು ಹದಿನಾರು. ಮೆಲ್ಬರ್ನಿನ ಫಿಶರ್‌ಮನ್ಸ್ ಬೆಂಡಿನಲ್ಲಿ 1948ನೆಯ ನವೆಂಬರ್ 29ರಂದು ಪ್ರಧಾನಿ ಬೆನ್ ಚಿಫ್ಲಿಯವರು ಲೋಕಾರ್ಪಣ ಮಾಡಿದ ಹೋಲ್ಡನ್ ಕಾರೂ, 1960ರಿಂದ ಬ್ರಾಡ್‌ಮೆಡೋಸಿನಲ್ಲಿ ತಯಾರಾದ ಫೋರ್ಡ್ ಫಾಲ್ಕನ್ನೂ ಅಮೆರಿಕದ ಸಂಪ್ರದಾಯವನ್ನು ಅನುಸರಿಸಿದುವು. ಆಮೇಲೆ 1970ರ ದಶಕದ ಉತ್ತರಾರ್ಧದಲ್ಲಿ ಬಣ್ಣದ ಪ್ಲಾಸ್ಟಿಕ್ ಮೈಯ, ಎರಡು ಅಲಗುಗಳ ಬ್ಲೇಡ್ ಫ್ಯೂಸು ಬಂದು ಕ್ರಮೇಣ ಎಲ್ಲವನ್ನೂ ಬದಿಗೊತ್ತಿತು; ಮೆಲ್ಬರ್ನಿನ ಆಲ್ಟೋನದಲ್ಲಿ 1994ರಿಂದ ತಯಾರಾಗಿ ಇಂದು ನಮ್ಮ ವಿದ್ಯಾರ್ಥಿಗಳ ಕೈಯಲ್ಲಿ ದುಡಿಯುತ್ತಿರುವ ಟೊಯೋಟ ಕ್ಯಾಮ್ರಿಗಳಲ್ಲಿರುವುದು ಇದೇ. ಕಂದು ಏಳೂವರೆ, ಕೆಂಪು ಹತ್ತು, ನೀಲಿ ಹದಿನೈದು, ಹಳದಿ ಇಪ್ಪತ್ತು, ಬಣ್ಣವಿಲ್ಲದ್ದು ಇಪ್ಪತ್ತೈದು, ಹಸಿರು ಮೂವತ್ತು: ಇಷ್ಟನ್ನು ಕಂಠಸ್ಥ ಮಾಡಿದವನಿಗೆ ಪೆಟ್ಟಿಗೆಯ ಅರ್ಧ ರಹಸ್ಯ ತೆರೆಯಿತು.

ಈ ರೂಪಗಳು ನಮ್ಮವರಿಗೆ ಪರದೇಶದ ವಿಚಿತ್ರಗಳೂ ಅಲ್ಲ. ಬೆಂಗಳೂರಿನ ಜೆ. ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲಿ ನಿಂತವರು ಮಾರಿಸ್ ಆಕ್ಸ್‌ಫರ್ಡಿನ ಸಂತಾನವಾದ ಅಂಬಾಸಿಡರಿಗೆ ಗಾಜಿನದನ್ನೂ, ಇಟಲಿಯ ಫಿಯಟ್ ಕುಲದ ಪದ್ಮಿನಿಗೆ ಪಿಂಗಾಣಿಯದನ್ನೂ ಕೇಳಿ ಪಡೆದವರೇ. ಮನೆಯಲ್ಲಿ ಫ್ಯೂಸ್ ಹೋದಾಗ ಮೀಟರ್ ಬೋರ್ಡಿನಿಂದ ಪಿಂಗಾಣಿಯ ತುಂಡನ್ನು ಕಿತ್ತು, ಫ್ಯೂಸ್ ತಂತಿಯ ಒಂದೆಳೆಯನ್ನು ಸ್ಕ್ರೂವಿಗೆ ಸುತ್ತಿ ಮತ್ತೆ ಸಿಕ್ಕಿಸುತ್ತಿದ್ದ ತಂದೆಯರನ್ನು ನೋಡಿಯೇ ನಾವೆಲ್ಲ ಬೆಳೆದೆವು. ಶಿವನಸಮುದ್ರದಲ್ಲಿ 1902ರಲ್ಲಿಯೇ ಜಲವಿದ್ಯುತ್ತನ್ನು ಉತ್ಪಾದಿಸಿ ಕೋಲಾರದ ಚಿನ್ನದ ಗಣಿಗಳಿಗೆ ಕಳುಹಿಸಿದ ನಾಡಿನವರಿಗೆ ವಿದ್ಯುತ್ತಿನ ಶಿಸ್ತು ಹೊಸತಾಗಿರಲಾರದು.

ಆದರೂ ರೂಪ ಒಂದೇ ಎಂದು ನಂಬಿ ಮೋಸಹೋಗುವ ಸಂದರ್ಭಗಳುಂಟು. ಅವುಗಳಲ್ಲಿ ಅತ್ಯಂತ ಅಪಾಯಕರವಾದುದನ್ನು ವಿಸ್ತರಿಸಿಯೇ ಹೇಳಬೇಕು. ಹಳೆಯ ಲೂಕಾಸ್ ಫ್ಯೂಸಿನ ಮೇಲೆ 35 ಎಂದು ಬರೆದಿದ್ದರೆ, ಅದು ಮೂವತ್ತೈದು ಆಂಪಿಯರಿಗೆ ಕರಗುವುದೆಂದು ಅರ್ಥ. ನಿರಂತರವಾಗಿ ಹೊರಬಲ್ಲುದು ಅದರ ಅರ್ಧ, ಹದಿನೇಳು ಆಂಪಿಯರು ಮಾತ್ರ. ಅಮೆರಿಕದ ಪದ್ಧತಿಯ ಫ್ಯೂಸಿನ ಮೇಲೆ 35 ಎಂದು ಬರೆದಿದ್ದರೆ ಅದು ಮೂವತ್ತೈದನ್ನು ಸುಖವಾಗಿ ಹೊರುವುದು. ಝೆಟ್‌ಲ್ಯಾಂಡಿನಲ್ಲಿ ಹುಟ್ಟಿದ ಮಿನಿ ಕಾರಿಗೆ ಸಂಖ್ಯೆಯನ್ನಷ್ಟೇ ನೋಡಿ ಇಂದಿನ ಅಂಗಡಿಯ ಗಾಜಿನ ಫ್ಯೂಸನ್ನು ತಂದು ಹಾಕಿದವನು, ತನಗರಿವಿಲ್ಲದೆಯೇ ರಕ್ಷಣೆಯ ಎಲ್ಲೆಯನ್ನು ಇಮ್ಮಡಿ ಮಾಡಿರುತ್ತಾನೆ. ಚಿಕ್ಕದರ ಬದಲು ದೊಡ್ಡದನ್ನು ಸಿಕ್ಕಿಸುವ ಅಪಾಯವನ್ನು ಮುಂಗಂಡ ಅಮೆರಿಕದ ಎಂಜಿನಿಯರುಗಳು ಎಸ್‌ಎಫ್‌ಇ ಎಂಬ ಮಾದರಿಯಲ್ಲಿ ಮಾಡಿದ ಉಪಾಯ ಸ್ಮರಣೀಯ: ಆಂಪಿಯರು ಹೆಚ್ಚಿದಂತೆ ಗಾಜಿನ ಕೊಳವೆಯ ಉದ್ದವನ್ನೂ ಹೆಚ್ಚಿಸಿದರು. ನಾಲ್ಕು ಆಂಪಿಯರಿನದು ಇಂಚಿನ ಎಂಟರಲ್ಲಿ ಐದು ಪಾಲು, ಇಪ್ಪತ್ತರದು ಒಂದೂಕಾಲು ಇಂಚು. ಚಿಕ್ಕದರ ಸ್ಥಾನದಲ್ಲಿ ದೊಡ್ಡದು ಕೂರಲಾರದು. ಮನುಷ್ಯನ ಆತುರವನ್ನು ಉಪದೇಶದಿಂದ ತಡೆಯಲಾಗದೆಂದು ತಿಳಿದು, ವಸ್ತುವಿನ ಆಕಾರದಲ್ಲಿಯೇ ನಿಯಮವನ್ನು ಅಡಗಿಸಿದ ಈ ಉಪಾಯದಲ್ಲಿ ಎಷ್ಟು ಕರುಣೆಯಿದೆ!

ಫ್ಯೂಸು ಒಮ್ಮೆ ಕರಗಿತೆಂದರೆ ಅದರ ಕೆಲಸ ಮುಗಿಯಿತು. ಸರ್ಕಿಟ್ ಬ್ರೇಕರಿನ ಧರ್ಮ ಬೇರೆ. ಶಾಖಕ್ಕೆ ಬೇರೆಬೇರೆ ಪ್ರಮಾಣದಲ್ಲಿ ಹಿಗ್ಗುವ ಎರಡು ಲೋಹಗಳನ್ನು ಬೆಸೆದ ಪಟ್ಟಿಯೊಂದು ಅದರೊಳಗಿರುವುದು. ಪ್ರವಾಹ ಮಿತಿಮೀರಿದಾಗ ಪಟ್ಟಿ ಕಾದು ಬಾಗಿ ಸಂಪರ್ಕವನ್ನು ಬಿಡಿಸುವುದು, ಆರಿದಾಗ ನೆಟ್ಟಗಾಗಿ ಮತ್ತೆ ಕೂಡಿಸುವುದು. ಎಲ್ಲಿ ಫ್ಯೂಸು, ಎಲ್ಲಿ ಬ್ರೇಕರು ಎಂಬ ಆಯ್ಕೆಯಲ್ಲಿ ನಿರ್ಮಾಪಕರ ವಿವೇಚನೆ ವ್ಯಕ್ತವಾಗುವುದು. ಅಮೆರಿಕದ ಸಂಪ್ರದಾಯದ ಅನೇಕ ಹಳೆಯ ಕಾರುಗಳಲ್ಲಿ ಹೆಡ್‌ಲೈಟಿಗೆ ಫ್ಯೂಸಿಲ್ಲ. ದೀಪದ ಸ್ವಿಚ್ಚಿನಲ್ಲಿಯೇ ಬ್ರೇಕರನ್ನು ಅಡಗಿಸಿರುವರು. ಕಾರಣವನ್ನು ತಿಳಿಯಬೇಕಾದರೆ ಸಿಡ್ನಿಯಿಂದ ಮೆಲ್ಬರ್ನಿಗೆ 800 ಕಿಲೋಮೀಟರಿಗೂ ಹೆಚ್ಚು ಹಾಯುವ ಹ್ಯೂಮ್ ಹೆದ್ದಾರಿಯನ್ನು ನೆನೆಯಬೇಕು. ಆ ಹೆದ್ದಾರಿ ಉದ್ದಕ್ಕೂ ಜೋಡಿ ರಸ್ತೆಯಾದುದು 2013ರಲ್ಲಿ. ಅದಕ್ಕೆ ಮೊದಲು ಗಂಡಗೈ, ಹೋಲ್‌ಬ್ರುಕ್ ಮುಂತಾದ ಊರುಗಳ ನಡುವಣ ಕತ್ತಲೆಯಲ್ಲಿ ಎದುರಿನಿಂದ ಲಾರಿಗಳು ಒಂದೇ ರಸ್ತೆಯ ಮೇಲೆ ಬರುತ್ತಿದ್ದುವು, ಹೊತ್ತು ಮುಳುಗಿದ ಮೇಲೆ ಕಾಂಗರೂಗಳು ಅಡ್ಡ ಹಾಯುತ್ತಿದ್ದುವು. ಅಂತಹ ಕಡೆ ಫ್ಯೂಸು ಕರಗಿ ದೀಪಗಳೆರಡೂ ಒಮ್ಮೆಗೇ ಆರಿದರೆ ಸಾವೇ ಸರಿ. ಬ್ರೇಕರಿದ್ದರೆ ದೀಪಗಳು ಆರಿ ಹತ್ತಿ, ಆರಿ ಹತ್ತಿ, ಚಾಲಕನಿಗೆ ರಸ್ತೆಯ ಅಂಚನ್ನು ಕಂಡು ನಿಲ್ಲಿಸುವಷ್ಟು ಬೆಳಕನ್ನಾದರೂ ದಯಪಾಲಿಸುವುವು. ಜಪಾನಿನವರು ಇದೇ ಉದ್ದೇಶವನ್ನು ಬೇರೊಂದು ಬಗೆಯಿಂದ ಸಾಧಿಸಿದರು: ಎಡದ ದೀಪಕ್ಕೊಂದು, ಬಲದ ದೀಪಕ್ಕೊಂದು ಫ್ಯೂಸನ್ನಿಟ್ಟು, ಒಂದು ಹೋದರೂ ಇನ್ನೊಂದು ಉಳಿಯುವಂತೆ ಮಾಡಿದರು. ಬ್ರೇಕರುಗಳನ್ನು ಅವರು ಪವರ್ ವಿಂಡೋ ಮೊದಲಾದುವಕ್ಕೆ ಮೀಸಲಿರಿಸಿದರು. ಹಳೆಯ ಕೆಲವು ಟೊಯೋಟಗಳಲ್ಲಿ ಅಂತಹ ಬ್ರೇಕರು ಬಿದ್ದಾಗ ಅದನ್ನು ಹೊರತೆಗೆದು, ಅದರ ಸಣ್ಣ ರಂಧ್ರದಲ್ಲಿ ಸೂಜಿಯಂತಹದನ್ನು ತೂರಿ ಟಿಕ್ಕೆಂಬ ಸದ್ದು ಬರುವವರೆಗೆ ಒತ್ತಬೇಕು. ಈ ಸಂಗತಿ ತಿಳಿಯದವರು ಕೆಟ್ಟಿತೆಂದು ಬಿಸಾಡಿದ ನಿರ್ದೋಷಿ ಬ್ರೇಕರುಗಳೆಷ್ಟೋ.

ಇವೆರಡರ ಹಿಂದೆ, ಬ್ಯಾಟರಿಯ ಪಕ್ಕದಲ್ಲಿ, ಮೂರನೆಯ ಕಾವಲೊಂದುಂಟು: ಫ್ಯೂಸಿಬಲ್ ಲಿಂಕ್. ನೋಡುವುದಕ್ಕೆ ಸಾಧಾರಣ ತಂತಿಯ ಗೇಣುದ್ದದ ತುಂಡು. ಆದರೆ ತಾನು ಕಾಯುವ ತಂತಿಗಿಂತ ಗೇಜಿನಲ್ಲಿ ನಾಲ್ಕು ಮೆಟ್ಟಿಲು ಸಣ್ಣದು, ಹೊದಿಕೆ ಉರಿಯದಂತಹದು. ಒಳಗಿನ ತಾಮ್ರ ಕರಗಿದರೂ ಹೊರಮೈ ಇಡಿಯಾಗಿಯೇ ಇರಬಹುದಾದ್ದರಿಂದ ಕಣ್ಣಿಗೆ ಇದು ಮೋಸಮಾಡುವುದು; ಮೆಲ್ಲನೆ ಎಳೆದಾಗ ಹಿಗ್ಗಿದರೆ ಒಳಗೆ ತಂತಿಯಿಲ್ಲವೆಂದೇ ತಿಳಿಯಬೇಕು.

ಕ್ಲೇಟನ್ನಿನ ಮೊನಾಷ್ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದ ದಾವಣಗೆರೆಯ ಕಡೆಯ ಹುಡುಗನೊಬ್ಬನು ತನ್ನ ಹಳೆಯ ಕ್ಯಾಮ್ರಿಯ ಬ್ರೇಕ್ ದೀಪಗಳ ಫ್ಯೂಸು ಪದೇಪದೇ ಹೋಗುತ್ತಿದೆಯೆಂದು ನನ್ನಲ್ಲಿಗೆ ಬಂದನು. ಪೆಟ್ಟಿಗೆಯ ಮುಚ್ಚಳ ಹಿಂದಿನ ಯಾವನೋ ಒಡೆಯನ ಕಾಲದಲ್ಲಿಯೇ ಕಳೆದುಹೋಗಿತ್ತು. "ಅಂಕಲ್, ಇದರ ಬದಲು ದೊಡ್ಡದನ್ನೇ ಹಾಕಿಬಿಡೋಣವೆ? ಮತ್ತೆ ಹೋಗೋ ತಾಪತ್ರಯ ಇರೋದಿಲ್ಲ," ಎಂದನು. "ಬೇಡಪ್ಪ, ಅದು ಏನು ಹೇಳುತ್ತಿದೆಯೋ ಮೊದಲು ಕೇಳೋಣ," ಎಂದೆ.

ಕೇಳುವ ಕ್ರಮ ಸರಳವಾದುದು. ಟೆಸ್ಟ್ ಲ್ಯಾಂಪಿನ ಕ್ಲಿಪ್ಪನ್ನು ಕಾರಿನ ಬರಿಯ ಲೋಹಕ್ಕೆ ಕಚ್ಚಿಸಿ, ಅದರ ಮೊನೆಯನ್ನು ಬ್ಲೇಡ್ ಫ್ಯೂಸಿನ ನೆತ್ತಿಯಲ್ಲಿ ಕಾಣುವ ಎರಡು ಲೋಹದ ಚುಕ್ಕೆಗಳಿಗೂ ಒಂದಾದಮೇಲೊಂದರಂತೆ ಮುಟ್ಟಿಸಬೇಕು. ಎರಡೂ ಕಡೆ ಬೆಳಗಿದರೆ ಫ್ಯೂಸು ಚೆನ್ನಾಗಿದೆ; ಒಂದೇ ಕಡೆ ಬೆಳಗಿದರೆ ಹೋಗಿದೆ; ಎರಡೂ ಕಡೆ ಬೆಳಗದಿದ್ದರೆ ಆ ಹಾದಿಗೆ ಇನ್ನೂ ವಿದ್ಯುತ್ತೇ ಬಂದಿಲ್ಲ, ಕೀಲಿಯನ್ನು ತಿರುಗಿಸಿ ನೋಡಬೇಕು. ಕಣ್ಣಿನಿಂದ ನೋಡಿ ತೀರ್ಮಾನಿಸುವುದು ಸಲ್ಲದು. ಗಾಜಿನ ಫ್ಯೂಸಿನಲ್ಲಿ ಬೆಸುಗೆಯು ಟೋಪಿಯ ಒಳಗೇ ಬಿಟ್ಟುಕೊಂಡು, ತಂತಿ ಮಾತ್ರ ಇಡಿಯಾಗಿ ಕಾಣುವುದುಂಟು. ಪಿಂಗಾಣಿಯದರಲ್ಲಿ ಫ್ಯೂಸು ಸರಿಯಾಗಿದ್ದೂ ಹಿಡಿಯುವ ಕ್ಲಿಪ್ಪಿಗೆ ಕಿಲುಬು ಹತ್ತಿ ಪ್ರವಾಹ ನಿಲ್ಲುವುದುಂಟು. ಅದನ್ನು ಇದ್ದಲ್ಲಿಯೇ ಒಮ್ಮೆ ತಿರುಗಿಸಿದರೆ ದೀಪ ಹತ್ತುವುದು. ಕಡಲಿನ ಉಪ್ಪುಗಾಳಿಯಲ್ಲಿ ನಿಲ್ಲುವ ಸಿಡ್ನಿಯ ಕಾರುಗಳಲ್ಲಿ ಈ ಕಿಲುಬಿನ ಬಾಧೆಯನ್ನು ಎಂದಿಗೂ ಮರೆಯಲಾಗದು.

ಮುಚ್ಚಳವಿಲ್ಲದ ಪೆಟ್ಟಿಗೆಯ ನಕ್ಷೆಯನ್ನು ನಾವೇ ಬರೆದೆವು. ಬಡಾವಣೆಯ ಗ್ರಂಥಾಲಯದಿಂದ ಗ್ರೆಗರೀಸ್ ಪ್ರಕಾಶನದ ರಿಪೇರಿ ಪುಸ್ತಕವನ್ನು ತಂದು, ಒಂದೊಂದೇ ಫ್ಯೂಸನ್ನು ಕಿತ್ತು, ಯಾವುದು ನಿಂತಿತೆಂದು ನೋಡಿ, ಅದನ್ನು ಸ್ವಸ್ಥಾನದಲ್ಲಿಟ್ಟು, ಮುಂದಿನದಕ್ಕೆ ಹೋದೆವು. ಹೀಗೆ ಕೀಳುವ ಮೊದಲು ರೇಡಿಯೋದ ಗುಪ್ತಸಂಖ್ಯೆ ಕೈಯಲ್ಲಿರಬೇಕು. ಕೆಲವು ಕಾರುಗಳಲ್ಲಿ ವಿದ್ಯುತ್ತು ತಪ್ಪಿದ ರೇಡಿಯೋ ಅದಿಲ್ಲದೆ ಮತ್ತೆ ಬಾಯಿಬಿಡದು. ಏರ್‌ಬ್ಯಾಗಿನ ಹಾದಿಯನ್ನು ಮಾತ್ರ ಯಾವ ಕಾರಣಕ್ಕೂ ಕೆಣಕಕೂಡದು. ಸಾಮಾನ್ಯವಾಗಿ ಹಳದಿಯ ಹೊದಿಕೆಯಲ್ಲಿರುವ ಆ ತಂತಿಗಳು ಆಟೊ ಎಲೆಕ್ಟ್ರಿಷಿಯನ್ನರ ಕೈಗೇ ಮೀಸಲು. ಹಾಗೆ ನೋಡುತ್ತ ಹೋದಾಗ, ಸಿಗರೇಟು ಹಚ್ಚುವ ಸಾಕೆಟ್ಟಿಗೆ ಸೇರಿದ ನೀಲಿಯ ಹದಿನೈದರ ಸ್ಥಾನದಲ್ಲಿ ಹಸಿರಿನ ಮೂವತ್ತು ಕುಳಿತಿದ್ದುದು ಕಂಡಿತು. ಯಾರೋ ಯಾವುದೋ ಆತುರದ ಸಂಜೆ ಕೋಡಿಯನ್ನು ಎತ್ತರಿಸಿದ್ದರು. ಏರಿ ಇನ್ನೂ ಒಡೆದಿರಲಿಲ್ಲ, ಅಷ್ಟೆ.

ಸುಟ್ಟ ಫ್ಯೂಸೂ ಒಂದು ದಾಖಲೆಯೇ. ಪಟ್ಟಿಯು ನಡುವೆ ಮೆಲ್ಲನೆ ಕರಗಿ ಇಬ್ಭಾಗವಾಗಿದ್ದು ಮೈ ಶುಭ್ರವಾಗಿದ್ದರೆ, ಹೊರೆ ಸ್ವಲ್ಪಸ್ವಲ್ಪವಾಗಿ ಹೆಚ್ಚಿತೆಂದು ತಿಳಿಯಬೇಕು: ಮುದುಕಾದ ವೈಪರಿನ ಮೋಟಾರು, ಬಿಗಿದುಕೊಂಡ ಫ್ಯಾನು. ಒಳಮೈಯೆಲ್ಲ ಕಪ್ಪಾಗಿಯೋ ಬೆಳ್ಳಿಯ ಲೇಪದಂತಾಗಿಯೋ ಇದ್ದರೆ ತಂತಿ ನೇರವಾಗಿ ಮೈಗೆ ತಗುಲಿ ಶಾರ್ಟ್ ಆಗಿರಬೇಕು. ಹುಡುಗನ ಬ್ರೇಕ್ ದೀಪಗಳ ಫ್ಯೂಸು, ಹದಿನೈದರದು, ಕಪ್ಪಾಗಿತ್ತು. ಇಪ್ಪತ್ತೊಂದು ವಾಟಿನ ಬಲ್ಬುಗಳೆರಡು ಹನ್ನೆರಡು ವೋಲ್ಟಿನಲ್ಲಿ ಎಳೆಯುವುದು ಮೂರುವರೆ ಆಂಪಿಯರು ಮಾತ್ರ. ಮೂರನೆಯ ದೀಪವನ್ನು ಕೂಡಿಸಿಕೊಂಡರೂ ಹದಿನೈದರ ಫ್ಯೂಸು ಕರಗಲು ಕಾರಣವಿಲ್ಲ. ಆದುದರಿಂದ ದೋಷ ದೀಪಗಳಲ್ಲಿಲ್ಲ, ಹಾದಿಯಲ್ಲಿದೆಯೆಂದು ಹಿಂಬದಿಯ ಡಿಕ್ಕಿಯ ಹಾಸನ್ನು ಎತ್ತಿದೆವು. ಹಿಂದಿನ ಒಡೆಯರಲ್ಲಿ ಒಬ್ಬರು ಟ್ರೇಲರನ್ನು ಎಳೆಯಲೆಂದು ಜೋಡಿಸಿದ್ದ ಸಾಕೆಟ್ಟಿನ ತಂತಿ, ತಗಡಿನ ಅಂಚಿನ ಕೆಳಗೆ ಸಿಕ್ಕಿ, ಬಂಡಿಯ ಅಲುಗಾಟಕ್ಕೆ ಹೊದಿಕೆ ಹರಿದು ತಾಮ್ರವನ್ನು ತೋರಿಸುತ್ತಿತ್ತು. ಅದನ್ನು ಸರಿಪಡಿಸಿ, ಅಂಚಿಗೆ ರಬ್ಬರಿನ ಬಳೆ ತೊಡಿಸಿದ ಮೇಲೆ ಹದಿನೈದರ ಫ್ಯೂಸೇ ಸಾಕಾಯಿತು. ಅದು ಯಾವಾಗಲೂ ಸಾಕಾಗಿಯೇ ಇದ್ದಿತು.

ಇಂತಹ ಸಂದರ್ಭಗಳನ್ನು ಕಂಡು ಕಂಡು ನನ್ನಲ್ಲಿ ಬಲವಾಗಿ ಬೇರೂರಿರುವ ಅಭಿಪ್ರಾಯ ಇದು: ಫ್ಯೂಸು ಸುಟ್ಟುದನ್ನು ಕೇಡೆಂದು ಎಣಿಸಬಾರದು, ಕೇಡು ಎಲ್ಲಿಯೋ ಇದೆಯೆಂದು ಪ್ರಾಮಾಣಿಕವಾಗಿ ನುಡಿದ ಸಾಕ್ಷಿಯೆಂದು ಅದನ್ನು ಗೌರವಿಸಬೇಕು. ಸಿಗರೇಟು ಪ್ಯಾಕಿನ ಬೆಳ್ಳಿಯ ಕಾಗದವನ್ನು ಸುತ್ತಿ ಅದರ ಬಾಯಿ ಮುಚ್ಚಿಸುವವನು ಸಾಕ್ಷಿಯನ್ನು ಅಳಿಸಿ ಅಪರಾಧಿಯನ್ನು ಉಳಿಸಿಕೊಂಡವನು. ಆ ಪೆಟ್ಟಿಗೆಯಲ್ಲಿ ಹತ್ತು ಎಂದು ಬರೆದವನು ಆಲ್ಟೋನದಲ್ಲಿಯೋ ಝೆಟ್‌ಲ್ಯಾಂಡಿನಲ್ಲಿಯೋ ತಯಾರಾಗುವ ಕಾರಿನ ಪ್ರತಿಯೊಂದು ತಂತಿಯ ದಪ್ಪವನ್ನೂ, ಅದು ಹೊರಬಲ್ಲ ಹೊರೆಯನ್ನೂ, ಎಂಜಿನ್ನಿನ ಸಮೀಪದ ಸೆಕೆಯನ್ನೂ ಲೆಕ್ಕಹಾಕಿಯೇ ಬರೆದನು. ತಾನು ಎಂದೂ ಕಾಣದ ಯಾವನೋ ಒಬ್ಬನು, ಎಷ್ಟೋ ವರ್ಷಗಳ ಅನಂತರ, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೆಲೆನ್ಸ್‌ಬರ್ಗಿನ ವೆಂಕಟೇಶ್ವರ ದೇವಾಲಯಕ್ಕೋ ಕ್ಯಾರಮ್ ಡೌನ್ಸಿನ ಶಿವವಿಷ್ಣು ದೇವಾಲಯಕ್ಕೋ ಹೊರಟಾಗ ಸುರಕ್ಷಿತನಾಗಿರಲೆಂಬ ಕಾಳಜಿ ಆ ಲೆಕ್ಕದೊಳಗೆ ಸೇರಿದೆ. ಆ ಕಾರ್ಖಾನೆಗಳು ಇಂದು ಇಲ್ಲ. ಝೆಟ್‌ಲ್ಯಾಂಡಿನದು 1975ರಲ್ಲಿ ಮುಚ್ಚಿತು. ಬ್ರಾಡ್‌ಮೆಡೋಸಿನಲ್ಲಿ 2016ರಲ್ಲಿ, ಆಲ್ಟೋನದಲ್ಲಿ 2017ನೆಯ ಅಕ್ಟೋಬರಿನಲ್ಲಿ ಕಾರುಗಳ ತಯಾರಿಕೆ ಕೊನೆಗೊಂಡಿತು. ಕೇಳಿ ತಿಳಿಯೋಣವೆಂದರೆ ಕಟ್ಟಿದವರು ಚದುರಿಹೋಗಿದ್ದಾರೆ. ಅವರ ವಿಚಾರ ಮಾತ್ರ ಆ ಸಂಖ್ಯೆಗಳಲ್ಲಿ ನಿಂತಿದೆ.

ಆದ್ದರಿಂದ ಹಳೆಯ ಕಾರನ್ನು ಕೊಂಡ ನಮ್ಮ ಹುಡುಗರಿಗೂ ಹುಡುಗಿಯರಿಗೂ ನಾನು ಹೇಳುವುದು ಇಷ್ಟು. ಮೊದಲ ಭಾನುವಾರವೇ ಪೆಟ್ಟಿಗೆಯನ್ನು ತೆರೆದು, ಇರುವ ಪ್ರತಿಯೊಂದು ಫ್ಯೂಸನ್ನೂ ಇರತಕ್ಕ ಅಳತೆಯೊಡನೆ ಹೋಲಿಸಿ ನೋಡಿರಿ. ಬ್ರೇಕರುಗಳೂ ಲಿಂಕುಗಳೂ ಎಲ್ಲಿವೆಯೆಂದು ಗುರುತಿಸಿರಿ. ಪ್ರತಿ ಅಳತೆಯ ಒಂದೊಂದು ಹೊಸ ಫ್ಯೂಸನ್ನು ಗ್ಲೋವ್ ಬಾಕ್ಸಿನಲ್ಲಿಡಿರಿ. ಹೋದುದಕ್ಕೆ ಅದೇ ಅಳತೆಯದನ್ನು ಒಮ್ಮೆ ಹಾಕಿರಿ. ಅದೂ ಹೋದರೆ ಮೂರನೆಯದಕ್ಕೆ ಕೈಹಾಕದೆ ಕಾರಣವನ್ನು ಹುಡುಕಿರಿ. ನೀವು ಕಂಡುಕೊಂಡುದನ್ನು ಒಂದು ಹಾಳೆಯಲ್ಲಿ, ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ, ಸ್ಪಷ್ಟವಾದ ಅಕ್ಷರಗಳಲ್ಲಿ ಬರೆದಿಟ್ಟು, ಕಾರನ್ನು ಮಾರುವ ದಿನ ಕೀಲಿಯೊಡನೆ ಆ ಹಾಳೆಯನ್ನೂ ಕೊಡಿರಿ. ಕೊಳ್ಳುವವನು ನಿಮ್ಮವನಿರಬಹುದು, ಅಪರಿಚಿತನಿರಬಹುದು. ಕಾರನ್ನು ಕಟ್ಟಿದವರು ನಿಮ್ಮನ್ನು ನೋಡಿ ಈ ಎಲ್ಲೆಗಳನ್ನು ಇಟ್ಟವರಲ್ಲವಷ್ಟೆ. ಅವರಿಂದ ಪಡೆದ ರಕ್ಷಣೆಯನ್ನು ಕಡಮೆ ಮಾಡದೆ ಮುಂದಿನವನ ಕೈಗೆ ದಾಟಿಸುವುದು ಹಳೆಯ ಕಾರಿನ ಒಡೆತನದಲ್ಲಿ ಸೇರಿಯೇ ಬಂದಿರುವ ಋಣ.